ಅವ್ವ ಕರೆಯದ ಹೆಸರು

ನಮ್ಮೂರು ಮಳವಳ್ಳಿ ತಾಲ್ಲೂಕಿನದು, ಪೂರಿಗಾಲಿ ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಾನು ಚಿಕ್ಕವನಿದ್ದಾಗ ಅಲ್ಲಿ ಬೀದಿಯ ನಡುವೆ ನಿಂತು ‘ಲೋ ಮಾದ’ ಅಂತ ಕೂಗಿದರೆ ಕಡಿಮೆಯೆಂದರೂ ಮೂರು ಬಾಗಿಲಲ್ಲಿ ತಲೆ ಕಾಣುತ್ತಿತ್ತು. ಒಂದು ಗಂಡು ಕೂಸು, ಒಂದು ಮದುವೆಯಾದ ಗಂಡಸು, ಒಂದು ಹಣ್ಣು ಮುದುಕ. ಕೂಗಿದವನು ಯಾರನ್ನು ಕೂಗಿದೆ ಅಂತ ವಿವರಿಸಬೇಕಾಗುತ್ತಿತ್ತು. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಬಾಲ ಸೇರಿಸಿದ್ದರು. ಕರಿ ಮಾದ, ಗೊಣ್ಣೆ ಮಾದ, ಒಬ್ಬನ ಅವ್ವನ ತವರು ಬಂಡೂರು ಆದ್ದರಿಂದ ಅವನು ಬಂಡೂರು ಮಾದ. ನಾನು ದೊಡ್ಡಟ್ಟಿ ಮಾದ. ನಮ್ಮ ಅಟ್ಟಿ, ಅಂದರೆ ಮನೆ, ಅಷ್ಟೇನೂ ದೊಡ್ಡದಿರಲಿಲ್ಲ, ಹೆಸರು ಮಾತ್ರ ಹಾಗೆ ಬಂದಿತ್ತು.

ಇಷ್ಟೊಂದು ಮಾದರು ಹುಟ್ಟಿಕೊಂಡಿದ್ದಕ್ಕೆ ಕಾರಣ ಬೆಟ್ಟದ ಮೇಲಿನ ಮಾದಪ್ಪ. ಮಕ್ಕಳಿಲ್ಲದವರು ಮಾದಪ್ಪನಿಗೆ ಹರಕೆ ಕಟ್ಟುತ್ತಿದ್ದರು. ಮಗು ಹುಟ್ಟಿದರೆ ಕೊಳ್ಳೇಗಾಲದ ಮೇಲೆ ಕಾಡು ಹಾದು ನಡೆದು ಹೋಗಿ ಮುಡಿ ಕೊಟ್ಟು ಬರುತ್ತಿದ್ದರು. ಹುಟ್ಟಿದ್ದು ಗಂಡಾದರೆ ಬೇರೆ ಹೆಸರು ಯೋಚಿಸುವ ಮಾತೇ ಇರಲಿಲ್ಲ. ನಮ್ಮ ತಾತ ಹುಟ್ಟಿದ್ದು ಅಂಥ ಹರಕೆಯಿಂದ, ಅವನು ಮಾದ. ನಮ್ಮಪ್ಪನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ತಾತನೇ ಹೋಗಿ ಹರಕೆ ಹೊತ್ತ, ನಾನು ಹುಟ್ಟಿದೆ, ನಾನೂ ಮಾದ. ಒಂದೇ ಮನೆಯಲ್ಲಿ ಎರಡು ಮಾದ ಯಾಕೆ ಅಂತ ಯಾರೋ ಕೇಳಿದಾಗ ತಾತ, ‘ಕೊಟ್ಟೋನು ಅವನು, ಯೆಸ್ರೂ ಅವನ್ದೇ. ನಿಂದೇನ್ಲಾ ಗಂಟು ಓಯ್ತು?’ ಅಂದಿದ್ದನಂತೆ.

ಆ ಹೆಸರಿನ ಅರ್ಥ ಏನು ಅಂತ ನಾನೂ ಒಮ್ಮೆ ಕೇಳಿದ್ದೆ. ‘ಮಾದ ಅಂದ್ರೆ ಮಾದಪ್ಪ ಕಣ್ಲಾ. ನೀರು ಅಂದ್ರೇನು ಅಂತ ಕೇಳ್ತಾರಾ ಯಾರಾದ್ರೂ?’ ಎಂದು ಬಾಯಿ ಮುಚ್ಚಿಸಿದ. ಮಹಾದೇವ ಎನ್ನುವುದು ಮಾದೇವ ಆಗಿ, ಮಾದೇವ ಮಾದ ಆಯಿತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕೇಳಿದಾಗ ಸ್ವಲ್ಪ ನಿರಾಸೆಯಾಯಿತು. ಎಲ್ಲೋ ಕೈಲಾಸದಲ್ಲಿ ಕೂತ ಆ ದೊಡ್ಡ ದೇವರಿಗಿಂತ, ಹುಲಿಯ ಮೇಲೆ ಕೂತು ಬೆಟ್ಟ ಸುತ್ತುವ ನಮ್ಮ ಮಾದಪ್ಪನೇ ನನಗೆ ಹತ್ತಿರದವನಾಗಿದ್ದ.

ಇಷ್ಟು ಜನರ ಬಾಯಲ್ಲಿ ಓಡಾಡುತ್ತಿದ್ದ ಆ ಹೆಸರು ಒಬ್ಬರ ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ಅವಳು ನಮ್ಮವ್ವ. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಗಂಡನ ಹೆಸರಿಗಾದರೂ ಮದುವೆಮನೆಯಲ್ಲಿ ಒಗಟು ಕಟ್ಟಿ ಹೇಳುವ ದಾರಿಯಿತ್ತು. ಮಾವನ ಹೆಸರಿಗೆ ಅದೂ ಇರಲಿಲ್ಲ. ಮಾವನ ಹೆಸರೇ ಮಗನಿಗೂ ಬಂದಿದ್ದರಿಂದ ಅವಳು ನನ್ನನ್ನು ‘ಮೊಗ’ ಅನ್ನುತ್ತಿದ್ದಳು. ಬೆಟ್ಟದ ದೇವರನ್ನು ‘ಬೆಟ್ಟದಯ್ಯ’ ಅನ್ನುತ್ತಿದ್ದಳು. ಕಂಸಾಳೆಯವರು ಮನೆ ಮುಂದೆ ಹಾಡಲು ಬಂದು ‘ಉಘೇ ಮಾದಪ್ಪ’ ಅಂತ ಕೂಗಿದಾಗ ಮನೆಮಂದಿಯೆಲ್ಲ ಪೂರ್ತಿ ಕೂಗಿದರೆ ಅವ್ವ ‘ಉಘೇ’ ಅಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಹೊತ್ತು ಇಳಿಯುವ ವೇಳೆಗೆ ತಾಯಂದಿರು ಬಾಗಿಲಿಗೆ ಬಂದು ಮಕ್ಕಳನ್ನು ಕೂಗುತ್ತಿದ್ದರು. ಗೊಣ್ಣೆ ಮಾದನ ಅವ್ವನ ಗಂಟಲು ಕೆರೆಯ ಆಚೆ ದಡಕ್ಕೆ ಮುಟ್ಟುತ್ತಿತ್ತು. ‘ಮಾದಾ’ ಅಂತ ಅವಳು ಎಳೆದರೆ ನಾನೇ ಒಮ್ಮೊಮ್ಮೆ ತಿರುಗುತ್ತಿದ್ದೆ. ನಮ್ಮವ್ವ ಮಾತ್ರ ಕೂಗುತ್ತಿರಲಿಲ್ಲ. ‘ಮೊಗ’ ಅಂತ ಕೂಗಿದರೆ ಊರಿನ ಮಕ್ಕಳೆಲ್ಲ ಬರುತ್ತಾರಲ್ಲ. ಆದ್ದರಿಂದ ನಾನಿದ್ದಲ್ಲಿಗೇ ನಡೆದು ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ನನಗೆ ಇದು ದೊಡ್ಡ ಅವಮಾನ. ಒಂದು ದಿನ ಹಟ ಹಿಡಿದು ನೆಲದ ಮೇಲೆ ಕುಕ್ಕರಿಸಿದೆ. ಎಲ್ಲರ ಹಾಗೆ ನೀನೂ ಹೆಸರು ಹಿಡಿದು ಕರೆ, ಆಗ ಬರುತ್ತೇನೆ ಅಂದೆ.

‘ಬಾಯಿ ಬರಾಕಿಲ್ಲ ಕಣಪ್ಪ,’ ಅಂದಳು ಅವ್ವ. ‘ನಂಗೂ ಆಸೆ ಇಲ್ವಾ? ಒಂಬತ್ ತಿಂಗ್ಳು ಒತ್ತೋಳಿಗೆ?’

ಅವಳಿಗೂ ಆಸೆ ಇದೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಎದ್ದು ಹೋದೆ, ಆದರೆ ಬೇಡುವುದನ್ನು ಬಿಡಲಿಲ್ಲ. ಅವ್ವ ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಬೇಕು ಅನ್ನುವುದು ಆ ವಯಸ್ಸಿನಲ್ಲಿ ನನಗಿದ್ದ ದೊಡ್ಡ ಆಸೆ.

ಎಡವಟ್ಟಾದದ್ದು ಶಾಲೆಗೆ ಸೇರಿಸಿದ ದಿನ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಅಪ್ಪ ಗಾಡಿಗೆ ಕಬ್ಬು ಹೇರಿಕೊಂಡು ಮಂಡ್ಯಕ್ಕೆ ಹೋಗಿದ್ದ. ತಾತ ಕೊಪ್ಪದಲ್ಲಿದ್ದ ಮಗಳ ಮನೆಗೆ ಹೋಗಿದ್ದ. ಸೇರಿಸಿಕೊಳ್ಳಲು ಅವತ್ತೇ ಕೊನೆಯ ದಿನ ಅಂತ ತಿಳಿದು ಅವ್ವ ತಾನೇ ನನ್ನ ಕೈ ಹಿಡಿದುಕೊಂಡು ಹೊರಟಳು. ಮೇಷ್ಟ್ರು ಮದ್ದೂರಿನ ಕಡೆಯವರು, ನಮ್ಮೂರಿಗೆ ಬಂದು ತಿಂಗಳೂ ಆಗಿರಲಿಲ್ಲ. ಪುಸ್ತಕ ಬಿಚ್ಚಿಕೊಂಡು ಹುಡುಗನ ಹೆಸರೇನಮ್ಮ ಅಂದರು.

‘ಬೆಟ್ಟದಯ್ಯನ ಯೆಸ್ರು ಸೋಮಿ,’ ಅಂದಳು ಅವ್ವ.

‘ಯಾವ ಬೆಟ್ಟ? ರಂಗಪ್ಪನ ಬೆಟ್ಟವೇ?’

ಅವ್ವ ತಲೆಯಾಡಿಸಿದಳು. ‘ಅಲ್ಲ. ನಮ್ಮ ಮಾವನ ಯೆಸ್ರು.’

‘ನಿಮ್ಮ ಮಾವ ಯಾರೋ ನನಗೇನು ಗೊತ್ತಮ್ಮ. ಶಿವನ ಹೆಸರೇ?’

ಅವ್ವನಿಗೆ ಜೀವ ಬಂದ ಹಾಗಾಯಿತು. ‘ಅವನ್ದೇ, ಅವನ್ದೇ,’ ಅಂದಳು. ಮಾದಪ್ಪ ಶಿವನೇ ಅಲ್ಲವೆ, ಅವಳು ಸುಳ್ಳು ಹೇಳಲಿಲ್ಲ. ಮೇಷ್ಟ್ರು ‘ಶಿವಣ್ಣ’ ಅಂತ ಬರೆದರು. ಅವ್ವ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಬರೆದದ್ದೇನು ಅಂತ ಓದಲು ಅವಳಿಗೆ ಬರುತ್ತಿರಲಿಲ್ಲ. ಓದಿದವರು ಅರ್ಥ ಮಾಡಿಕೊಂಡರು ಅಂತ ನೆಮ್ಮದಿಯಾಗಿ ಮನೆಗೆ ಹೋದಳು.

ನೀನೇ ಯಾಕೆ ಬಾಯಿ ಬಿಡಲಿಲ್ಲ ಅಂತ ಈಗಿನ ಮಕ್ಕಳು ಕೇಳುತ್ತಾರೆ. ನಾನು ಬಾಯಿ ತೆರೆದಿದ್ದೆ. ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅವಳ ಮುಂದೆ ಆ ಹೆಸರು ಎತ್ತುವುದೇ ತಪ್ಪು ಅಂತ ನನಗೆ ಅನಿಸಿತು. ಇದು ಮೊದಲನೆಯ ದಿನದ ಸಬೂಬು. ಆಮೇಲಿನ ನಾಲ್ಕು ವರ್ಷಕ್ಕೆ ಸಬೂಬು ಇಲ್ಲ. ನಿಜ ಏನೆಂದರೆ, ಶಿವಣ್ಣ ಅನ್ನಿಸಿಕೊಳ್ಳುವುದು ನನಗೆ ಹಿಡಿಸಿಬಿಟ್ಟಿತ್ತು. ತರಗತಿಯಲ್ಲಿ ಮಾದರ ಗುಂಪೇ ಇತ್ತು. ಮೇಷ್ಟ್ರು ‘ಮಾದ, ಎದ್ದು ನಿಲ್ಲು’ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಒಬ್ಬನ ಏಟು ಇನ್ನೊಬ್ಬನಿಗೆ ಬೀಳುತ್ತಿತ್ತು. ಶಿವಣ್ಣ ಒಬ್ಬನೇ. ಮನೆಯಲ್ಲಿ ಮಾದ, ಶಾಲೆಯಲ್ಲಿ ಶಿವಣ್ಣ ಅಂತ ಎರಡು ಕಡೆಯೂ ಹಾಯಾಗಿದ್ದೆ. ಉಳಿದ ಹುಡುಗರು ಅದನ್ನು ಇಸ್ಕೂಲ್ ಹೆಸರು ಅಂದುಕೊಂಡಿದ್ದರು. ನಮ್ಮ ಮನೆಯ ದೊಡ್ಡವರಾರೂ ಆ ಕಡೆ ತಲೆ ಹಾಕಿರಲಿಲ್ಲ.

ನಾಲ್ಕನೆಯ ತರಗತಿ ಮುಗಿಯಿತು. ಮಳವಳ್ಳಿಯ ಮಿಡಲ್ ಸ್ಕೂಲಿಗೆ ಹೋಗುವುದೆಂದು ಗೊತ್ತಾಯಿತು. ಮನೆಯಲ್ಲಿ ಅಷ್ಟು ದೂರ ಓದಲು ಹೋಗುವವನು ನಾನೇ ಮೊದಲು. ಮೇಷ್ಟ್ರು ಕೊಟ್ಟ ಸರ್ಟಿಫಿಕೇಟನ್ನು ತಾತ ಎರಡೂ ಕೈಯಲ್ಲಿ ಹಿಡಿದು ಜಗುಲಿಯ ಮೇಲೆ ಕೂತ. ಹಾದು ಹೋಗುತ್ತಿದ್ದ ಶಾನುಭೋಗರನ್ನು ಕರೆದು ಗಟ್ಟಿಯಾಗಿ ಓದಿಸಿದ. ತನ್ನ ಹೆಸರು ಕಾಗದದ ಮೇಲೆ ಬಂದದ್ದನ್ನು ನಾಲ್ಕು ಜನ ಕೇಳಲಿ ಅಂತ ಅವನ ಆಸೆ. ಶಾನುಭೋಗರು ಓದಿದರು. ಆಮೇಲೆ ಕನ್ನಡಕ ತೆಗೆದು, ‘ಇದು ಬೇರೆ ಯಾರದೋ ಕಾಗದ ಕಣಯ್ಯ. ಶಿವಣ್ಣ ಅಂತಿದೆ,’ ಅಂದರು.

ತಾತ ಕಾಗದವನ್ನು ಮಡಿಸಿಕೊಂಡು ಎದ್ದ. ಒಳಗೆ ಬಂದು ನಡುಮನೆಯಲ್ಲಿ ಕೂತ. ನಮ್ಮ ಕಡೆ ಆಗ ಮಾವ ಸೊಸೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ನಡುವೆ ಒಂದು ಮಗು ಬೇಕು. ಅವನು ನಡುಮನೆಯಲ್ಲಿ, ಅವ್ವ ಅಡುಗೆಮನೆಯ ಬಾಗಿಲ ಹಿಂದೆ, ಇಬ್ಬರಿಗೂ ಇಬ್ಬರ ಮಾತು ಚೆನ್ನಾಗಿ ಕೇಳುತ್ತಿತ್ತು. ಆದರೂ ನಾನು ಮಧ್ಯೆ ನಿಲ್ಲಬೇಕಾಗಿತ್ತು.

‘ಲೋ ಮೊಗ, ನಿಮ್ಮವ್ವನ್ನ ಕೇಳು,’ ಅಂದ ತಾತ. ‘ನನ್ನ ಯೆಸ್ರು ಅವಳ್ಗೆ ಏನು ಮಾಡಿತ್ತು ಅಂತ.’

ಬಾಗಿಲ ಹಿಂದೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವ್ವ ಅಂದಳು: ‘ನಿಮ್ ತಾತಂಗೆ ಯೋಳು ಮೊಗ. ನಾನು ಬೆಟ್ಟದಯ್ಯನ ಯೆಸ್ರು ಅಂತ್ಲೇ ಬರ್ಸಿದ್ದು. ಅವ್ರು ಏನು ಬರ್ಕೊಂಡ್ರೋ ನಂಗೊತ್ತಿಲ್ಲ.’

ನಡೆದದ್ದು ಏನು ಅಂತ ಗೊತ್ತಿದ್ದವನು ನಾನೊಬ್ಬನೇ. ಅಪ್ಪ ಬಂದು ಅವ್ವನನ್ನು ಬಾಯಿಗೆ ಬಂದ ಹಾಗೆ ಬೈದ. ಮಾವನ ಹೆಸರು ತೆಗೆದೊಗೆದ ಮನೆಹಾಳಿ ಅಂದ. ಅಷ್ಟಾದರೂ ನಾನು ಸುಮ್ಮನಿದ್ದೆ. ಮಾರನೆಯ ದಿನ ಅವ್ವ ಉಣ್ಣಲಿಲ್ಲ. ಆಗ ತಡೆಯಲಾಗದೆ ಕುರಿ ಮೇಯಿಸುತ್ತಿದ್ದ ತಾತನ ಹತ್ತಿರ ಓಡಿಹೋಗಿ ಎಲ್ಲ ಬಾಯಿಬಿಟ್ಟೆ. ಮೇಷ್ಟ್ರು ಕೇಳಿದ್ದು, ಅವ್ವ ಹೇಳಿದ್ದು, ಗೊತ್ತಿದ್ದೂ ನಾನು ನಾಲ್ಕು ವರ್ಷ ಮುಚ್ಚಿಟ್ಟದ್ದು. ಹೊಡೆಯುತ್ತಾನೆ ಅಂತ ಕಾಯುತ್ತಾ ನಿಂತೆ. ಹೊಡೆಯಲಿಲ್ಲ.

‘ನಿಮ್ಮವ್ವ ನಿನ್ನ ಏನಂತ ಕರೀತಾಳ್ಲಾ?’ ಅಂದ.

‘ಮೊಗ ಅಂತ.’

‘ಯೆಸ್ರಿಡ್ದು ಕರ್ದಿಲ್ವಾ? ಯಾವತ್ತೂ?’

‘ಇಲ್ಲ. ನಾನು ಎಷ್ಟ್ ಕೇಳಿದ್ರೂ ಬಾಯಿ ಬರಾಕಿಲ್ಲ ಅಂತಾಳೆ.’

ತಾತ ಕೋಲಿನ ಮೇಲೆ ಗದ್ದ ಊರಿಕೊಂಡು ನಿಂತ. ಕುರಿಗಳು ಯಾರದೋ ಹುರುಳಿ ಹೊಲಕ್ಕೆ ನುಗ್ಗಿದ್ದವು, ಅವನು ನೋಡಲೇ ಇಲ್ಲ. ‘ಇಷ್ಟು ವರ್ಸ ಒಂದೇ ಅಟ್ಟೀಲಿ ಇವ್ನಿ,’ ಅಂದ ಕೊನೆಗೆ, ‘ನನ್ ಕಿವಿಗೆ ಬೀಳ್ನೇ ಇಲ್ವಲ್ಲ.’

ತಾತ ನನ್ನನ್ನು ಕರೆದುಕೊಂಡು ಮೇಷ್ಟ್ರ ಹತ್ತಿರ ಹೋದ. ಅವರಿಗೆ ನಿಜಕ್ಕೂ ಬೇಜಾರಾಯಿತು. ಶಿವಣ್ಣ ಅನ್ನುವುದೂ ಒಳ್ಳೆಯ ಹೆಸರೇ, ಇರಲಿ ಬಿಡಿ ಅಂತ ಒಮ್ಮೆ ಹೇಳಿ ನೋಡಿದರು. ತಾತ ಮುಖ ತಿರುಗಿಸಿದ. ಹಾಗಾದರೆ ಸೇರಿಸಿದವರೇ ಬರಬೇಕು, ಬಂದು ಸರಿಯಾದ ಹೆಸರು ಹೇಳಿ ಮತ್ತೆ ಹೆಬ್ಬೆಟ್ಟು ಹಾಕಬೇಕು, ಬೇರೆಯವರು ಹೇಳಿದರೆ ತಿದ್ದುವ ಹಾಗಿಲ್ಲ ಅಂದರು ಮೇಷ್ಟ್ರು. ಅವ್ವನ ಬಾಯಿಂದಲೇ ಮಾವನ ಹೆಸರು ಬರಬೇಕಾಗಿತ್ತು. ಮಿಡಲ್ ಸ್ಕೂಲಿಗೆ ಸೇರುವುದಕ್ಕೆ ಇನ್ನು ಎರಡು ತಿಂಗಳು ಇತ್ತು.

ಮುಂದಿನ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟವರ ಜೊತೆ ಅವನೂ ಹೊರಟ. ಯಾಕೆ ಅಂತ ಹೇಳಲಿಲ್ಲ. ಎಂಟು ದಿನದ ಮೇಲೆ ತಲೆ ಬೋಳಿಸಿಕೊಂಡು, ಕಾಲು ಬಾತುಕೊಂಡು ಬಂದ. ಮನೆಯೊಳಕ್ಕೆ ಬರದೆ ಜಗುಲಿಯ ಮೇಲೆ ಕೂತು ತನ್ನ ವಯಸ್ಸಿನ ನಾಲ್ಕೈದು ಜನರನ್ನು ಕರೆಸಿದ. ಅವ್ವ ಬಾಗಿಲ ಹಿಂದೆ ಇದ್ದಾಳೆ ಅಂತ ತಿಳಿದುಕೊಂಡೇ ಗಟ್ಟಿಯಾಗಿ ಹೇಳಿದ.

‘ನೋಡ್ರಪ್ಪ. ಆ ಯೆಸ್ರು ಅವನು ಕೊಟ್ಟಿದ್ದ, ಅವನ ಮುಂದ್ಲೇ ಬುಟ್ಟು ಬಂದಿವ್ನಿ. ಇನ್ನು ಅದು ನನ್ ಮೊಮ್ಮಗಂದು. ನನ್ನ ಯಾರೂ ಅಂಗೆ ಕರೀಬೇಡಿ.’

‘ಅರವತ್ ವರ್ಸ ಉಂಡ ಯೆಸ್ರ ಬುಟ್ಟು ಬಂದ್ನಂತೆ,’ ಅಂದ ಅವನ ಗೆಳೆಯನೊಬ್ಬ. ‘ನಿನ್ನ ಏನಂತ ಕರೀಮ ಮತ್ತೆ? ಬೋಳ ಅನ್ನಾನ್ಲಾ?’

‘ಅನ್ರಿ. ಓಗೊಡ್ತೀನಿ.’

ಅವರು ಬೋಳ ಅಂತಲೇ ಶುರು ಮಾಡಿದರು. ಕೂದಲು ಬೆಳೆದ ಮೇಲೂ ಬೋಳಣ್ಣ ಅಂತ ಉಳಿಯಿತು. ಹಳೆ ಅಭ್ಯಾಸಕ್ಕೆ ಯಾರಾದರೂ ‘ಮಾದ’ ಅಂದರೆ ತಾತ ಕಿವುಡನಾಗುತ್ತಿದ್ದ. ಒತ್ತಾಯ ಮಾಡಿದರೆ, ‘ಅವನು ಇಸ್ಕೂಲಿಗೋಗವ್ನೆ,’ ಅನ್ನುತ್ತಿದ್ದ. ಸೊಸೆಗೋಸ್ಕರ ಹೆಸರು ಕಳೆದುಕೊಂಡ ಗಂಡಸು ಅಂತ ಊರು ಒಂದಷ್ಟು ದಿನ ನಕ್ಕಿತು. ನಗಲಿ ಬಿಡು ಅಂದ. ಆ ಕಾಲದ ಒಬ್ಬ ಒಕ್ಕಲಮಗ, ಮನೆಯ ಯಜಮಾನ, ಸೊಸೆಯ ಬಾಯಿಗೋಸ್ಕರ ಅಷ್ಟು ಮಾಡಿದ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನ್ನ ಎದೆ ತುಂಬಿ ಬರುತ್ತದೆ. ಅವನಿಂದ ನನಗೆ ಹೊಲ ಬಂದಿದೆ, ಮನೆ ಬಂದಿದೆ. ಅದಕ್ಕೆಲ್ಲ ಇಷ್ಟು ಋಣಿಯಾಗಿಲ್ಲ.

ಅವ್ವ ಶಾಲೆಗೆ ಹೋದ ದಿನ ತಾತ ಕುರಿ ಹೊಡೆದುಕೊಂಡು ಕೆರೆ ಏರಿಯಿಂದಾಚೆಗೆ ಹೋಗಿಬಿಟ್ಟ. ಎಷ್ಟು ಗಟ್ಟಿಯಾಗಿ ಹೇಳಿದರೂ ತನ್ನ ಕಿವಿಗೆ ಬೀಳಬಾರದು ಅಂತ. ಶಾಲೆಯಲ್ಲಿ ಮೇಷ್ಟ್ರು ಪುಸ್ತಕ ತೆರೆದು, ‘ಹೇಳಮ್ಮ,’ ಅಂದರು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮೇಷ್ಟ್ರು ಅವಸರ ಮಾಡಲಿಲ್ಲ. ಕಿಟಕಿಯ ಕಡೆ ತಿರುಗಿ ಲೇಖನಿ ಒರೆಸುತ್ತಾ ನಿಂತರು. ಆ ಒಳ್ಳೆಯತನಕ್ಕೂ ನಾನು ಕೈಮುಗಿಯುತ್ತೇನೆ. ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು ‘ಮಾದ’ ಅಂದಳು. ಅಂದವಳೇ ಎರಡೂ ಕೆನ್ನೆ ಬಡಿದುಕೊಂಡಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಅವತ್ತಿನಿಂದ ಅವಳು ನನ್ನನ್ನು ಹಾಗೇ ಕರೆಯುತ್ತಾಳೆ ಅಂದುಕೊಂಡಿದ್ದೆ. ಸಾಯಂಕಾಲ ಮತ್ತೆ ಬಂದು ರಟ್ಟೆ ಹಿಡಿದಳು. ಕೇಳಿದ್ದಕ್ಕೆ, ‘ಇಸ್ಕೂಲಿಗೆ ಯೋಳಾಯ್ತಲ್ಲ, ಸುಮ್ಕೆ ಬಾ,’ ಅಂದಳು. ಅಷ್ಟು ವರ್ಷ ಕಟ್ಟಿಟ್ಟ ನಾಲಿಗೆ ಒಂದು ದಿನಕ್ಕೆ ಸಡಿಲವಾಗುತ್ತದೆಯೆ? ಮಳವಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ನಾನು ಶನಿವಾರ ನಡೆದು ಊರಿಗೆ ಬರುತ್ತಿದ್ದೆ. ಹಾಗೆ ಬಂದ ಒಂದು ಸಲ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದಾಗ ಯಾರೋ ‘ಮಾದಾ’ ಅಂದರು. ಆ ದನಿಯಲ್ಲಿ ಆ ಹೆಸರನ್ನು ಕೇಳಿಯೇ ಇರಲಿಲ್ಲವಲ್ಲ, ಬೇರೆ ಯಾರನ್ನೋ ಕರೆದದ್ದು ಅಂತ ನಾನು ತಿರುಗಲಿಲ್ಲ. ಮತ್ತೆ ಕರೆದಾಗ ತಿರುಗಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮುಖದ ಸೀಗೆಪುಡಿ ಕಣ್ಣಿಗಿಳಿದು ಅಳು ಬಂತು ಅಂತ ಹೇಳಿ ಪಾರಾದೆ.

ಆಮೇಲೆ ಅಭ್ಯಾಸವಾಯಿತು. ಮೊದಮೊದಲು ತಾತ ಮನೆಯಲ್ಲಿಲ್ಲದಾಗ ಮಾತ್ರ, ಬರಬರುತ್ತಾ ಅವನಿದ್ದಾಗಲೂ. ನಾನು ಮಂಡ್ಯದ ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅವ್ವ ಗೊಣ್ಣೆ ಮಾದನ ಅವ್ವನಿಗೆ ಸರಿಗಟ್ಟುವ ಹಾಗೆ ಕೂಗುತ್ತಿದ್ದಳು. ತಾತ ಕೇಳಿಸಿಕೊಂಡು ಹೊಗೆಸೊಪ್ಪು ಅಗಿಯುತ್ತಾ ಕೂತಿರುತ್ತಿದ್ದ.

ಸ್ವಾತಂತ್ರ್ಯ ಬಂದ ವರ್ಷ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ಮಂಡ್ಯದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆಯುತ್ತಿದ್ದ ಚಳವಳಿಯ ಗಲಾಟೆಗೆ ಶಾಲೆ ಮುಚ್ಚಿದ್ದರಿಂದ ನಾನು ಊರಿನಲ್ಲಿದ್ದೆ. ತಾತನಿಗೆ ಮರೆವು ಕವಿದಿತ್ತು. ಅಪ್ಪನನ್ನು ಯಾರಪ್ಪ ನೀನು ಅನ್ನುತ್ತಿದ್ದ. ಬೋಳಣ್ಣ ಅಂದರೆ ಸುಮ್ಮನೆ ನೋಡುತ್ತಿದ್ದ. ಯಾರು ಕರೆದರೂ ಬಾಯಿ ತೆರೆಯುತ್ತಿರಲಿಲ್ಲ, ತುತ್ತು ಇಟ್ಟರೂ ನುಂಗುತ್ತಿರಲಿಲ್ಲ. ಮೂರನೆಯ ದಿನವೂ ಹೀಗೇ ಆದಾಗ ಅಪ್ಪ ಮಳವಳ್ಳಿಯಿಂದ ಡಾಕ್ಟರನ್ನು ಕರೆತರಲು ಹೋದ.

ಆ ಮಧ್ಯಾಹ್ನ ನಾನು ಜಗುಲಿಯಲ್ಲಿದ್ದೆ. ಅವ್ವ ನನ್ನ ತಟ್ಟೆಗೆ ಹಿಟ್ಟಿನ ಮುದ್ದೆ ಹಾಕಿ, ಸಾರು ಬಿಟ್ಟು, ಅಡುಗೆಮನೆಯಿಂದ ಎಂದಿನಂತೆ, ‘ಮಾದಾ, ಉಣ್ಣು ಬಾ,’ ಅಂತ ಕೂಗಿದಳು.

‘ಆ, ಬಂದೆ ಕಣವ್ವ,’ ಅಂದ ತಾತ ಹಾಸಿಗೆಯಿಂದ.

ನಾನು ಒಳಗೆ ಬಂದೆ. ಅವ್ವ ತಟ್ಟೆ ಹಿಡಿದುಕೊಂಡು ಹೊಸಿಲಲ್ಲಿ ನಿಂತುಬಿಟ್ಟಿದ್ದಳು. ಮಾವನನ್ನು ಹೆಸರು ಹಿಡಿದು ಕರೆದ ಹಾಗಾಗಿತ್ತು, ಅವನು ಓಗೊಟ್ಟಿದ್ದ. ಮೊಣಕೈ ಊರಿ ಏಳಲು ಒದ್ದಾಡುತ್ತಾ, ಯಾರು ಕರೆದರು ಅಂತ ಸುತ್ತ ನೋಡುತ್ತಿದ್ದ. ಅವನ ಮನಸ್ಸಿನಲ್ಲಿ ಅವನ ಅವ್ವ ಕರೆದಿದ್ದಳೋ ಏನೋ. ನಮ್ಮವ್ವ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ನನ್ನ ತಟ್ಟೆಯನ್ನು ತಾತನ ಮುಂದಿಟ್ಟು, ಮಾವನೆದುರು ಎಂದೂ ಕೂರದವಳು ಅವನ ಪಕ್ಕ ಕೂತಳು. ಹಿಟ್ಟನ್ನು ಸಾರಿನಲ್ಲಿ ಕಿವುಚಿ, ‘ಉಣ್ಣು ಮಾದ,’ ಅಂದಳು. ಅವನು ಬಾಯಿ ತೆರೆದ. ಅರ್ಧ ತಟ್ಟೆ ಉಂಡ.

ಡಾಕ್ಟರು ಬಂದು ನೋಡಿ ವಯಸ್ಸಾಯಿತು, ಇನ್ನೇನೂ ಮಾಡುವ ಹಾಗಿಲ್ಲ, ಉಣ್ಣುವಷ್ಟು ದಿನ ಉಣ್ಣಲಿ ಅಂದರು. ಅವನು ಇನ್ನೂ ಹದಿನೈದು ದಿನ ಉಂಡ. ಅಷ್ಟು ದಿನವೂ ಅವ್ವ ಎರಡು ಹೊತ್ತು ಅಡುಗೆಮನೆಯಿಂದ ‘ಮಾದಾ’ ಅಂತ ಕೂಗುತ್ತಿದ್ದಳು, ಅವನು ‘ಬಂದೆ ಕಣವ್ವ’ ಅನ್ನುತ್ತಿದ್ದ, ಅವಳು ತಟ್ಟೆ ತಂದು ಕೂರುತ್ತಿದ್ದಳು. ನಾನು ಹೊರಗೆ ಉಸಿರೆತ್ತದೆ ಕೂತಿರುತ್ತಿದ್ದೆ. ಕರೆ ಅವನಿಗೆ ಅಂತ ನನಗೆ ಗೊತ್ತಿತ್ತು.

ತಾತನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಮಧ್ಯಾಹ್ನ ಅವ್ವ ಅಡುಗೆಮನೆಯಿಂದ ‘ಮಾದಾ’ ಅಂದಳು. ನಾನು ಜಗುಲಿಯಲ್ಲೇ ಕೂತಿದ್ದೆ. ಒಳಗಿನಿಂದ ದನಿ ಬರಲಿ ಅಂತ ಕಾಯುತ್ತಿದ್ದೆ. ಅವಳೂ ಒಂದಷ್ಟು ಹೊತ್ತು ಕಾದಳೋ ಏನೋ, ಆಮೇಲೆ ಎದ್ದು ಹೊಸಿಲಿಗೆ ಬಂದಳು.

‘ಇನ್ನು ನೀನೇ ಓಗೊಡ್ಬೇಕು ಕಣಪ್ಪ,’ ಅಂದಳು. ‘ಬಾ, ಆರೋಯ್ತದೆ.’